ಕಿಶ್ತಿಗುಂಡಿಗೆ ಒಂದು ಕೊಡ ನೀರು

ಕೃಷ್ಣೆಯ ದಂಡೆಯಲ್ಲಿ, ನಮ್ಮ ಹೊನ್ನಗಡ್ಡೆಯ ಹರಿಗೋಲು ನಿಲ್ಲುವ ಕಡೆ, ಒಂದು ಚಪ್ಪಟೆ ಬಂಡೆ ಇದೆ. ಅದರ ಹೆಸರು ಕಿಶ್ತಿಗುಂಡು. ದೋಣಿಯ ಆಕಾರದಿಂದ ಆ ಹೆಸರು ಬಂತೆಂದು ಹೊರಗಿನವರು ತಾವೇ ತೀರ್ಮಾನಿಸಿಬಿಡುತ್ತಾರೆ. ಕಣ್ಣಿದ್ದವರು ನೋಡಲಿ, ಅದು ಮಲಗಿದ ಎಮ್ಮೆಯ ಹಾಗಿದೆ. ಕಿಶ್ತಿ ಎಂಬುದು ಪಾರಸಿ ಮಾತು. ಹುಟ್ಟು ಹಾಕಿ ನಡೆಸುವ ಉದ್ದನೆಯ ಮರದ ದೋಣಿಗೆ ಆ ಹೆಸರನ್ನು ಇಲ್ಲಿಗೆ ತಂದವನು ಒಬ್ಬ ಪರದೇಶಿ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಬೆಹ್ರೋಜನೆಂಬ ಇರಾನಿ ಬಡಗಿ ಅರಮನೆಯ ಕೆಲಸ ಮುಗಿಸಿ ಈ ದಂಡೆಗೆ ಬಂದನಂತೆ. ಹೊಳೆ ಪೂರ್ವದ ಕಡಲು ಸೇರುತ್ತದೆ, ಅಲ್ಲಿಂದ ತನ್ನ ನಾಡಿಗೆ ಹಡಗುಗಳಿವೆ ಎಂದು ತಿಳಿದವನೇ ಕಿಶ್ತಿ ಕಟ್ಟತೊಡಗಿದ. ಅವನ ಊರಲ್ಲಿ ತಾಯಿ ಇದ್ದಳು. ಅವಳ ಮುಖ ಮರೆಯುತ್ತಿದೆ ಎಂಬುದೇ ಅವನ ಸಂಕಟ. ಇಲ್ಲಿ ಅವನ ಅನ್ನ ನೀರು ನೋಡಿಕೊಂಡವಳು ಅಂಬಿಗರ ಹುಲಿಗೆವ್ವ. ಮಕ್ಕಳಿಲ್ಲದ ಆಕೆ ಅವನನ್ನು ಮಗಾ ಎಂದೇ ಕರೆಯುತ್ತಿದ್ದಳು.

ಕಿಶ್ತಿ ನೀರಿಗಿಳಿದ ವಾರದಲ್ಲೇ ಬೆಹ್ರೋಜ ಜ್ವರ ಬಂದು ಮಲಗಿದ. ಮಳೆ ದೂರದ ಘಟ್ಟದಲ್ಲಿ ಸುರಿದು ಹೊಳೆ ತುಂಬುತ್ತಿತ್ತು, ಬಿಸಿಲು ನಮ್ಮಲ್ಲಿ. ತೊಗಲಿನ ಹರಿಗೋಲನ್ನು ದಿನವೂ ಬಿಸಿಲಿಗೆ ಬೋರಲು ಹಾಕದಿದ್ದರೆ ಅದು ಕೊಳೆಯುತ್ತದೆ. ಮಗನ ದೋಣಿಯೂ ಕೊಳೆತೀತೆಂದು ಹುಲಿಗೆವ್ವ ಓಣಿಯವರನ್ನು ಕರೆದು ಕಿಶ್ತಿಯನ್ನು ಆ ಬಂಡೆಯ ಮೇಲೆ ಬೋರಲು ಹಾಕಿಸಿದಳು. ಅವನು ಎದ್ದು ಬರುವಷ್ಟರಲ್ಲಿ ಹಲಗೆಗಳು ಒಣಗಿ, ಸಂದುಗಳೆಲ್ಲ ಬಾಯಿ ಬಿಟ್ಟಿದ್ದವು. ಅವನು ಬಯ್ಯಲಿಲ್ಲ. "ಅವ್ವಾ, ಇದು ತೊಗಲಲ್ಲ. ಇದಕ್ಕ ನೀರು ಬೇಕು," ಎಂದನಂತೆ.

"ಒಣಗಿಸಿದಾಕಿ ನಾನಽ, ನೆನಸಾಕಿನೂ ನಾನಽ," ಎಂದು ಆಕೆ ಕೊಡ ಎತ್ತಿಕೊಂಡಳು.

ಸೋರುವ ದೋಣಿಯನ್ನು ತುಂಬಿದ ಹೊಳೆಗೆ ಬಿಡುವಂತಿರಲಿಲ್ಲ. ಆಕೆ ದಿನವೂ ಹೊತ್ತು ಮುಳುಗುವ ತನಕ ನೀರು ಹೊತ್ತು ತಂದು ಅದರ ಮೇಲೆ ಸುರಿದಳು. ಹಲಗೆ ಉಬ್ಬಿ ಸಂದು ಮುಚ್ಚಿದರೆ ಮಗ ಹೋಗುತ್ತಾನೆ, ಇಲ್ಲವಾದರೆ ಇಲ್ಲೇ ಉಳಿಯುತ್ತಾನೆ ಎಂಬುದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕೊಡವನ್ನೂ ಕಡಿಮೆ ಮಾಡಲಿಲ್ಲ ಎನ್ನುತ್ತಾರೆ. ಹೊಳೆ ಇಳಿಯುವ ಮೊದಲೇ ಸಂದುಗಳು ಮುಚ್ಚಿದವು. "ತಾಯಿ ಮುಖ ನೋಡಿ ಬರ್ತೀನವ್ವಾ," ಎಂದು ಅವನು ಆಕೆಯ ಕಾಲು ಮುಟ್ಟಿ ಹುಟ್ಟು ಹಾಕಿದ.

ಅವನು ಮರಳಿದನೆಂದು ಯಾರೂ ಹೇಳುವುದಿಲ್ಲ. ಹುಲಿಗೆವ್ವ ಮಾತ್ರ ಬದುಕಿರುವ ತನಕ ಬರಿ ಬಂಡೆಗೆ ನೀರು ಸುರಿದಳಂತೆ. ಈಗಲೂ ನೀರಿಗೆ ಬಂದ ಅಂಬಿಗರ ಹೆಣ್ಣುಮಕ್ಕಳು ಮೊದಲ ಕೊಡವನ್ನು ಅದರ ಮೇಲೆ ಸುರಿದೇ ಮನೆಗೆ ಹೋಗುತ್ತಾರೆ. ಸುಡು ಬಿಸಿಲಿನಲ್ಲೂ ಕಿಶ್ತಿಗುಂಡು ಒದ್ದೆಯಾಗಿರುವುದನ್ನು ಬಂದವರು ನೋಡಬಹುದು. ಯಾಕೆಂದು ಕೇಳಿದರೆ, "ಮಗ ಬಂದ್ರ ಕಿಶ್ತಿ ಒಣಗಬಾರ್ದಲ್ರೀ," ಎನ್ನುತ್ತಾರೆ.