ಕೊರಮೀನು ನೀರಿನಿಂದ ತಲೆ ಎತ್ತುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡಗಳು ಎಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿದ್ದವು. ಕಾಗೆಗೆ ಕೂಗಲು ಬರುತ್ತಿರಲಿಲ್ಲ, ಹುಣಸೆಗೆ ಹುಳಿ ಹತ್ತಿರಲಿಲ್ಲ. ಆಗ ಮೀನುಗಳೆಲ್ಲ ನೀರನ್ನೇ ಉಸಿರಾಡಿಕೊಂಡು ನೀರಿನೊಳಗೇ ಸುಖವಾಗಿದ್ದವು. ಕೊರಮೀನೂ ಅಷ್ಟೇ. ತಲೆ ಎತ್ತಿ ಮೇಲೆ ನೋಡುವ ಕೆಲಸ ಅದಕ್ಕೇನಿತ್ತು?

ಹೊಂಗೆಕೆರೆಯ ದಡದಲ್ಲಿ ಸಿಂಗ್ರಯ್ಯನೆಂಬ ಬೆಸ್ತನಿದ್ದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಕೆಂಪಿ ಎಂಬ ಒಬ್ಬಳೇ ಮಗಳನ್ನು ಅವನೇ ತಲೆ ಬಾಚಿ, ಉಣ್ಣಿಸಿ, ಬೆಳೆಸಿ, ಮದುವೆ ಮಾಡಿ ಕಳಿಸಿದ್ದ. ಒಳ್ಳೆಯವನೇ. ಆದರೆ ಮಗಳ ವಿಷಯ ಬಂದರೆ ಹಿಂದೆಮುಂದೆ ನೋಡುತ್ತಿರಲಿಲ್ಲ.

ಅವನಿಗೂ ಕೆರೆಗೂ ಒಂದು ಮಾತಿತ್ತು. ಚಳಿ ಹೋಗಿ ಹೊಂಗೆಮರ ಹೂ ಬಿಟ್ಟಾಗ ಮೀನುಗಳು ಮೊಟ್ಟೆಯಿಡಲು ದಡದ ತೆಳುನೀರಿಗೆ ಬರುತ್ತವೆ. ಆ ದಿನಗಳಲ್ಲಿ ಬಲೆ ಮರದ ಮೇಲೆ ಒಣಗಬೇಕು. ಹೂ ಪೂರ್ತಿ ಉದುರಿದ ಮೇಲೆಯೇ ಬಲೆ ನೀರಿಗೆ ಇಳಿಯಬೇಕು.

"ಬಾಣಂತಿ ಮನೆಗೆ ಯಾರಾದರೂ ಕೈ ಹಾಕ್ತಾರಾ ಸಿಂಗ್ರಯ್ಯ?" ಎಂದು ಕೆರೆ ಕೇಳಿತ್ತು.

"ಉಂಟಾ ತಾಯಿ? ಹೂವಿರೋವರೆಗೆ ಬಲೆ ಮುಟ್ಟಲ್ಲ," ಎಂದು ಸಿಂಗ್ರಯ್ಯ ನೀರು ಮುಟ್ಟಿ ಆಣೆ ಮಾಡಿದ್ದ.

ಮೀನುಗಳು ಅವನ ಆಣೆಯನ್ನು ನಂಬಿದ್ದವು. ಹೂಗಾಲದಲ್ಲಿ ಅವನು ಮೊಣಕಾಲುದ್ದ ನೀರಿನಲ್ಲಿ ನಿಂತರೂ ಒಂದೂ ಓಡುತ್ತಿರಲಿಲ್ಲ. ಜೊಂಡಿನ ನಡುವೆ ಗೂಡು ಕಟ್ಟಿಕೊಂಡಿದ್ದ ಕೊರಮೀನಿನ ಜೋಡಿಯಂತೂ ಅವನ ಕಾಲಿಗೆ ಮೈ ತಾಕಿಸಿಕೊಂಡೇ ಹೋಗಿ ಬರುತ್ತಿತ್ತು.

ಆ ವರ್ಷ ಹೊಂಗೆ ಹೂ ಬಿಟ್ಟಿತು. ಪುರಿ ಚೆಲ್ಲಿದ ಹಾಗೆ ಹೂಗಳು ನೀರಿನ ಮೇಲೆ ತೇಲಿದವು. ಸಿಂಗ್ರಯ್ಯ ಬಲೆಯನ್ನು ಮರದ ಮೇಲೆ ಒಣಹಾಕಿದ. ಅದೇ ದಿನಗಳಲ್ಲಿ ಕೆಂಪಿ ತುಂಬು ಬಸುರಿಯಾಗಿ ತವರಿಗೆ ಬಂದಳು.

ಬಂದವಳಿಗೆ ಮುದ್ದೆ ಸೇರಲಿಲ್ಲ, ಸೊಪ್ಪಿನ ಸಾರು ಸೇರಲಿಲ್ಲ. ತಟ್ಟೆ ಅತ್ತ ಸರಿಸಿ ಗೋಡೆಗೆ ಒರಗಿ ಕೂತಳು.

"ಏನು ಬೇಕವ್ವಾ? ಬಾಯಿಬಿಟ್ಟು ಹೇಳು."

"ಮೀನಿನ ಸಾರು ತಿನ್ನಬೇಕು ಅನ್ನಿಸ್ತದೆ ಕಣಪ್ಪ. ನಮ್ಮ ಕೆರೆ ಮೀನು." ಅಷ್ಟು ಹೇಳಿ ಅವಳೇ ನಾಲಿಗೆ ಕಚ್ಚಿಕೊಂಡಳು. "ಬೇಡ ಬಿಡು, ಹೂಗಾಲ. ನಾನೇನೋ ಬಾಯಿಗೆ ಬಂದಿದ್ದು ಅಂದೆ."

ಬೇಡ ಎಂದಳು, ಸರಿ. ಅಪ್ಪನಿಗೆ ನಿದ್ದೆ ಬರಬೇಕಲ್ಲ? ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿಗೆ ಕಿವಿ ಸೋರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅವಳ ತಾಯಿ ಇದ್ದಿದ್ದರೆ ಹೇಗಾದರೂ ತೀರಿಸುತ್ತಿದ್ದಳು ಎಂದುಕೊಂಡ ಸಿಂಗ್ರಯ್ಯ. ಹೊರಳಿದ, ಎದ್ದು ಕೂತ, ಮತ್ತೆ ಹೊರಳಿದ. ಬೆಳಗಾಗುವ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆದಿತ್ತು.

'ಬಲೆ ಮುಟ್ಟಲ್ಲ ಅಂತ ತಾನೆ ಆಣೆ? ಗಾಳ ಮುಟ್ಟಲ್ಲ ಅಂತ ನಾನೆಲ್ಲಿ ಅಂದೆ?'

ಕಳ್ಳನಿಗೊಂದು ಪಿಳ್ಳೆ ನೆವ!

ಗಾಳ ಹಿಡಿದು ಹೋದ. ಎರೆಹುಳು ಸಿಕ್ಕಿಸಿ ಬಿಟ್ಟ. ಒಂದು ಮೀನೂ ಮೂಸಲಿಲ್ಲ. ಮೊಟ್ಟೆ ಮರಿಗಳ ಗಡಿಬಿಡಿಯಲ್ಲಿ ಅವಕ್ಕೆ ತಿನ್ನುವ ಧ್ಯಾನವೇ ಇರಲಿಲ್ಲ. ಬಿಸಿಲೇರಿತು. ದಡದ ಬೆಳ್ಳಕ್ಕಿ, "ಮನೆಗೆ ಹೋಗು ಸಿಂಗ್ರಣ್ಣ, ನಾನೇ ಸುಮ್ಮನೆ ನಿಂತಿದ್ದೀನಿ," ಎಂದಿತು.

ಆಗಲೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಹೋಗಲಿಲ್ಲ. ಜೊಂಡಿನ ಪಕ್ಕದಲ್ಲಿ ನೀರು ಕೆಂಪಗೆ ಗಿಜಿಗಿಜಿ ಎನ್ನುತ್ತಿತ್ತು. ಕೊರಮೀನಿನ ಮರಿಗಳು, ಕುಂಕುಮ ಕದಡಿದಷ್ಟು ಕೆಂಪು. ಆ ಮರಿಗಳ ಮೇಲೆ ಏನು ಬಿದ್ದರೂ ತಾಯಿ ಸುಮ್ಮನಿರುವುದಿಲ್ಲ ಎಂದು ಸಿಂಗ್ರಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಪಂಚೆಯ ಚೂರನ್ನು ಕಪ್ಪೆಯ ಹಾಗೆ ಗಂಟು ಹಾಕಿದ. ಗಾಳಕ್ಕೆ ಸಿಕ್ಕಿಸಿದ. ಮರಿಗಳ ನಟ್ಟನಡುವೆ ಟಪ್ಪೆಂದು ಹಾಕಿದ.

ನೀರು ಸಿಡಿಯಿತು. ತಾಯಿ ಕೊರಮೀನು ಹಾರಿ ಬಂದು ಕಚ್ಚಿತು. ಸಿಂಗ್ರಯ್ಯ ಎಳೆದ.

ದಡದ ಹುಲ್ಲಿನ ಮೇಲೆ ಬಿದ್ದ ತಾಯಿಮೀನು ಅವನ ಮುಖ ನೋಡಿತು. "ನೀನಾ ಸಿಂಗ್ರಣ್ಣ? ಕಪ್ಪೆ ನನ್ನ ಮಕ್ಕಳನ್ನು ತಿನ್ನೋಕೆ ಬಂತು ಅಂದ್ಕೊಂಡೆ. ಹೊಂಗೆ ಇನ್ನೂ ಹೂ ಬಿಡ್ತಾ ಇದೆಯಲ್ಲಣ್ಣ?"

ಸಿಂಗ್ರಯ್ಯ ಮುಖ ತಿರುಗಿಸಿದ. "ಮಗಳು ಬಸುರಿ ಕಣವ್ವ. ಬಯಕೆ. ತಾಯಿಲ್ಲದ ಮಗಳು."

ತಾಯಿಮೀನು ಒಮ್ಮೆ ಮರಿಗಳ ಕಡೆ ನೋಡಿತು. ಆಮೇಲೆ ಹೇಳಿತು: "ಬಿಟ್ಟುಬಿಡು ಅಂತ ಕೇಳಿದರೆ ಬಿಡ್ತೀಯೋ ಇಲ್ಲವೋ, ನನಗೆ ತಿಳೀದು. ಬಿಡದೆ ಹೋದರೆ ಒಂದು ಉಪಕಾರ ಮಾಡು. ನಮ್ಮೆಜಮಾನರು ಗೂಡಿನ ಆಚೆ ಕಾವಲಿದ್ದಾರೆ, ಏನೂ ನೋಡಿಲ್ಲ. 'ನಿನ್ನ ಹೆಂಡತಿ ಇನ್ನು ಬರೋಲ್ಲ' ಅಂತ ಅವರಿಗೆ ಹೇಳಿಬಿಡು. ಇಲ್ಲದಿದ್ದರೆ ಹುಡುಕ್ತಾ ಇರ್ತಾರೆ."

"ಹೇಳ್ತೀನಿ," ಎಂದ ಸಿಂಗ್ರಯ್ಯ. ಬಿಡಬಹುದಿತ್ತು. ಅವನ ಕೈ ಗಾಳ ಬಿಡಿಸಲೂ ಹೋಗಿತ್ತು. ಅಷ್ಟರಲ್ಲಿ ತಟ್ಟೆ ಸರಿಸಿ ಗೋಡೆಗೊರಗಿದ ಮಗಳು ಕಣ್ಣ ಮುಂದೆ ಬಂದಳು. ಮೀನನ್ನು ಬುಟ್ಟಿಗೆ ಹಾಕಿಕೊಂಡು ಹಿಂದೆ ತಿರುಗದೆ ನಡೆದ.

ಕೆಂಪಿ ಸಾರು ಸುರಿದುಕೊಂಡು ಉಂಡಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಕಳೆ ಬಂತು. "ಯಾವ ಮೀನಪ್ಪ ಇದು? ಎಲ್ಲಿ ಸಿಕ್ತು?" ಎಂದಳು.

"ಉಣ್ಣು ಮಗಳೇ," ಎಂದ ಸಿಂಗ್ರಯ್ಯ. ಅವನು ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ.

ಅತ್ತ ಗಂಡು ಕೊರಮೀನು ಹೆಂಡತಿಯನ್ನು ಹುಡುಕಿತು. ಜೊಂಡಿನಲ್ಲಿ ಹುಡುಕಿತು, ಕೆಸರಲ್ಲಿ ಹುಡುಕಿತು. ನೀರಿನಲ್ಲಿ ಎಲ್ಲೂ ಇಲ್ಲ ಎಂದಾದಾಗ ಮೊದಲ ಸಲ ತಲೆ ಎತ್ತಿ ಮೇಲೆ ಬಂತು.

"ಗಾಳಿಯಣ್ಣ, ನನ್ನವಳನ್ನು ಕಂಡೆಯಾ?"

ಗಾಳಿ ಕಂಡಿತ್ತು. ಆದರೆ ಹೇಗೆ ಹೇಳುವುದೆಂದು ತಿಳಿಯದೆ ಬೀಸಿ ಮುಂದೆ ಹೋಯಿತು. ಕೊರಮೀನು ಗುಳುಕ್ಕೆಂದು ಒಂದು ಬಾಯಿ ಗಾಳಿ ನುಂಗಿ ಕೆಳಗಿಳಿಯಿತು. ಮರಿಗಳು ಒಂಟಿಯಾಗಿದ್ದವಲ್ಲ. ಮರಿಗಳನ್ನು ಎಣಿಸಿ ಮತ್ತೆ ಮೇಲೆ ಬಂತು.

"ಹೊಂಗೆಯಕ್ಕ, ನನ್ನವಳನ್ನು ಕಂಡೆಯಾ?"

"ಹೇಳಬೇಕಾದವನು ಬೇರೆ ಇದ್ದಾನೆ ಕಣಪ್ಪ," ಎಂದು ಹೊಂಗೆ ಹೂ ಉದುರಿಸಿತು. ಗುಳುಕ್ಕೆಂದು ಗಾಳಿ ನುಂಗಿ ಕೊರಮೀನು ಕೆಳಗಿಳಿಯಿತು.

ಹೇಳಬೇಕಾದವನು ದಿನಾ ದಡಕ್ಕೆ ಬರುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಬರುತ್ತಿದ್ದ. ಮೀನಿನ ತಲೆ ಕಂಡದ್ದೇ ಹೊಂಗೆಯ ಹಿಂದೆ ಅವಿತುಕೊಳ್ಳುತ್ತಿದ್ದ. ಹೀಗೇ ಹೂವೆಲ್ಲ ಉದುರಿ ಹೋಯಿತು. ಕೆಂಪಿ ಹೆತ್ತಳು. ಹೆಣ್ಣು ಕೂಸು, ಕಿವಿ ಸೋರಲಿಲ್ಲ, ಏನೂ ಆಗಲಿಲ್ಲ.

ಮೊಮ್ಮಗಳನ್ನು ಎತ್ತಿಕೊಂಡು ಸಿಂಗ್ರಯ್ಯ ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ ನೀರಿನಂಚಿಗೇ ಹೋಗಿ ನಿಂತ. ಕೊರಮೀನು ಮೇಲೆ ಬಂತು. ಬಡವಾಗಿತ್ತು.

"ಸಿಂಗ್ರಣ್ಣ, ನೀನು ದಡದ ಮೇಲಿರೋನು. ನೀನಾದರೂ ಕಂಡೆಯಾ?"

ಸಿಂಗ್ರಯ್ಯ ಬಾಯಿ ತೆರೆದ. ತೋಳಿನಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಮೀನಿನ ಬೆನ್ನ ಹಿಂದೆ ಕೆಂಪು ಮರಿಗಳು ಗುಂಪುಗಟ್ಟಿಕೊಂಡು ಅವನನ್ನೇ ನೋಡುತ್ತಿದ್ದವು.

"ಬರ್ತಾಳೆ ಕಣಪ್ಪ," ಎಂದುಬಿಟ್ಟ. "ಇವತ್ತಲ್ಲ ನಾಳೆ ಬರ್ತಾಳೆ."

"ಇದಕ್ಕಿಂತ ಗಾಳವೇ ವಾಸಿಯಾಗಿತ್ತು ಸಿಂಗ್ರಯ್ಯ," ಎಂದು ಕೆರೆ ನಿಟ್ಟುಸಿರಿಟ್ಟಿತು. ಆದರೆ ಕೊರಮೀನಿಗೆ ಆ ಮಾತು ಕೇಳಿಸಲಿಲ್ಲ. ಅದು ಸಂತೋಷದಿಂದ ಬಾಲ ಬಡಿದು, ಮರಿಗಳಿಗೆ ಸುದ್ದಿ ಹೇಳಲು ಆಗಲೇ ಕೆಳಗಿಳಿದಿತ್ತು.

ಅಂದಿನಿಂದ ಸಿಂಗ್ರಯ್ಯ ಆ ಕೆರೆಯಲ್ಲಿ ಮೀನು ಹಿಡಿಯಲಿಲ್ಲ. ಮಾಡಿದ್ದನ್ನು ನೆನೆನೆನೆದು ಅತ್ತ. ಅತ್ತು ಏನು ಬಂತು? ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಅವನಿಗೆ ಸಾಯುವವರೆಗೂ ಬರಲಿಲ್ಲ.

ಮೇಲೆ ಬಂದು ಬಂದು, ಗಾಳಿ ನುಂಗಿ ನುಂಗಿ, ಕೊರಮೀನಿಗೆ ಬರಿಯ ನೀರಿನ ಉಸಿರು ಸಾಲದಾಯಿತು. ಮೇಲೆ ಬಾರದಿದ್ದರೆ ಅದು ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಅದರ ಮಕ್ಕಳೂ ಹಾಗೇ ಆದವು, ಮಕ್ಕಳ ಮಕ್ಕಳೂ ಹಾಗೇ ಆದವು.

ಅದಕ್ಕೇ ಮಗೂ, ಇವತ್ತಿಗೂ ಕೆರೆಯ ದಡದಲ್ಲಿ ನೀನು ಸದ್ದು ಮಾಡದೆ ನಿಂತರೆ ಕೊರಮೀನು ಮೇಲೆ ಬಂದು, ಬಾಯಿ ತೆರೆದು ಗುಳುಕ್ಕೆಂದು ಒಂದು ಗುಟುಕು ಗಾಳಿ ನುಂಗಿ, ನೀನೇನಾದರೂ ಹೇಳುತ್ತೀಯೋ ಎಂದು ಒಂದು ಗಳಿಗೆ ಕಾದು, ಮತ್ತೆ ಕೆಳಗೆ ಹೋಗುತ್ತದೆ.