ಕಪ್ ಹಿಡಿಯುವ ಕೈ

ಶಾಲೆಯ ಕೈತೋಟಕ್ಕೆ ತಾಲೂಕಿಗೇ ಮೊದಲ ಬಹುಮಾನ ಬಂದಿತ್ತು! ಬಹುಮಾನ ಕೊಡಲು ಶಾಲೆಯಂಗಳದಲ್ಲೇ ವೇದಿಕೆ ಸಿದ್ಧವಾಗಿತ್ತು. ತೋಟ ಬೆಳೆಸಿದ ಪರಿಸರ ಸಂಘದ ಮಕ್ಕಳು ಕುಣಿದಾಡುತ್ತಿದ್ದರು. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಬೋರೇಗೌಡರು ಗರಿಗರಿ ಬಿಳಿ ಪಂಚೆಯಲ್ಲಿ ಬಂದು, "ವೇದಿಕೆ ಮೇಲೆ ಕಪ್ ನಾನೇ ತಗೋತೀನಿ" ಎಂದುಬಿಟ್ಟರು. ಮಕ್ಕಳ ಮುಖ ಬಾಡಿತು.

ಬಿಸಿಯೂಟದ ಅಡುಗೆ ಮಾಡುವ ಚಿಕ್ಕತಾಯಮ್ಮನಿಗೆ ತಡೆಯಲಾಗಲಿಲ್ಲ. ತೋಟದ ಗೊಬ್ಬರಕ್ಕೆ ಮಕ್ಕಳು ಕೂಡಿಟ್ಟಿದ್ದ ಸಗಣಿ, ಗಂಜಲದ ಬಕೆಟ್ಟನ್ನು ತಂದು ಗೌಡರ ಮುಂದಿಟ್ಟಳು.

"ಹಂಗೇ ಆಗ್ಲಿ ಗೌಡ್ರೆ. ಕಪ್ ತಗೊಂಡೋರು ಜನರ ಮುಂದೆ ಇದನ್ನ ಕೈಯಾರೆ ಕಲಸಿ ತೋರಿಸ್ಬೇಕು. ಅದು ಸಂಘದ ಪದ್ಧತಿ."

ಗೌಡರು ಪಂಚೆ ಎತ್ತಿಕೊಂಡು ಹಿಂದೆ ಸರಿದರು. "ಮಕ್ಕಳು ಬೆಳೆಸಿದ್ದು, ಮಕ್ಕಳೇ ತಗೊಳ್ಲಿ ಬಿಡಮ್ಮ!"

ಮಕ್ಕಳು ಹೋ ಎಂದು ವೇದಿಕೆಗೆ ಓಡಿದರು.

ಆಮೇಲೆ ಗೌಡರಿಗೆ ಅನುಮಾನ ಬಂತು. "ಈ ಪದ್ಧತಿ ಯಾವಾಗಿಂದ ಐತೆ?"

"ಇವತ್ತು ನಿಮ್ಮಿಂದ್ಲೇ ಶುರುವಾಗ್ಬೇಕಿತ್ತು ಗೌಡ್ರೆ. ತಪ್ಪೋಯ್ತು!"