ಪುನುಗಪ್ಪನ ಕಪ್ಪು, ಕೆದಕವ್ವನ ಮರಿ

ಒಂದು ಕಾಡಿನಲ್ಲಿ ಪುನುಗಪ್ಪ ಅನ್ನೋ ಪುನುಗು ಬೆಕ್ಕು ಕೂದಲಿಗೆ ಕಪ್ಪು ಹಚ್ಚುವ ಅಂಗಡಿ ಇಟ್ಟಿದ್ದ. ಹಗಲಲ್ಲಿ ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಮುಸ್ಸಂಜೆಯಾದರೆ ಸಾಕು, ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಸಾಲು ನಿಲ್ಲುತ್ತಿದ್ದರು. ಮುದಿ ಮುಸುವ ಹುಬ್ಬಿಗೆ ಹಚ್ಚಿಸಿಕೊಂಡ. ಮುಳ್ಳುಹಂದಿ ಎರಡನೇ ಮದುವೆಗೆ ಮುಂಚೆ ಮೈತುಂಬ ಹಚ್ಚಿಸಿಕೊಂಡ. ಕಾಡಿನ ಯಜಮಾನ, ಕರಡಿ ಕರಿಗೌಡರ ಮೂತಿ ಕರ್ರಗಿದ್ದದ್ದೂ ಆ ಅಂಗಡಿಯ ಪುಣ್ಯವೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬಣ್ಣ ಕಾಯಿಸಿ ಉಳಿದ ಗಸಿಯನ್ನು ಪುನುಗಪ್ಪ ಗುಡ್ಡದ ಬುಡದ ಮೆತ್ತನೆ ಮಣ್ಣಿಗೆ ಸುರಿಯುತ್ತಿದ್ದ. ಕಾಡುಕೋಳಿ ಕೆದಕವ್ವ ಮರಿಗಳನ್ನು ಕಟ್ಟಿಕೊಂಡು ದಿನಾ ಮೇಯುತ್ತಿದ್ದದ್ದು ಅಲ್ಲೇ. ಒಂದು ದಿನ ಎರೆಹುಳಗಳೆಲ್ಲ ತಾವಾಗೇ ಮೇಲೆ ಬಂದು ಸತ್ತು ಬಿದ್ದವು. "ಅಬ್ಬ, ಕೆದಕೋ ಕೆಲಸ ತಪ್ಪಿತು! ತಿನ್ರೋ ಮಕ್ಕಳಾ" ಅಂತ ಅವಳು ಹಿಗ್ಗಿದಳು. ಆಮೇಲೆ ಮರಿಗಳ ಪುಕ್ಕ ಉದುರಿತು. ಕೊನೇ ಮರಿ ಪುಟ್ಟಿ ಕಾಲು ನಡುಗಿ, ನಿಂತಲ್ಲೇ ಕುಸಿದು ಬಿತ್ತು.

ಕೆದಕವ್ವ ರೆಕ್ಕೆ ಬಡಿಯುತ್ತಾ ಗೌಡರ ಗುಹೆಗೆ ಓಡಿದಳು.

"ಗೌಡ್ರೇ, ಆ ಮಣ್ಣು ಕೆಟ್ಟಿದೆ. ಗಸಿ ಸುರಿಯೋದು ನಿಲ್ಲಿಸಿ. ನನ್ನ ಪುಟ್ಟಿ ಉಳಿಯಲ್ಲ."

ಗೌಡರು ಮೂತಿ ಸವರಿಕೊಂಡರು. ಅಂಗಡಿ ಮುಚ್ಚಿದರೆ ತಮ್ಮ ಮೂತಿಯ ಗತಿ ಏನು ಅನ್ನೋದು ಅವರ ಚಿಂತೆ. "ಸುಮ್ಮಸುಮ್ಮನೆ ದೂರು ಹೇಳಬೇಡವ್ವ. ಮಣ್ಣಿನ ಪರೀಕ್ಷೆ ಆಗಲಿ" ಅಂದರು.

ಆ ಕಾಡಿನಲ್ಲಿ ಮಣ್ಣಿನ ಪರೀಕ್ಷೆ ಆನೆ ದೊಡ್ಡತಾಯಮ್ಮನದು. ಹಿಂದಿನಿಂದ ನಡೆದುಬಂದ ಪದ್ಧತಿ. ಸೊಂಡಿಲಿನಿಂದ ಮೂಸಬೇಕು, ಒಂದು ಹಿಡಿ ಬೆನ್ನ ಮೇಲೆ ಎರಚಿಕೊಳ್ಳಬೇಕು, ತೀರ್ಪು ಹೇಳಬೇಕು. ಪುನುಗಪ್ಪ ಇದು ತಿಳಿಯದವನೇ? ಬೆಳಗಾಗುವುದರೊಳಗೆ ಬಾಲ ಎತ್ತಿ, ತನ್ನ ಮೈಯ ಘಮಘಮ ಪುನುಗನ್ನು ಆ ಮಣ್ಣಿನ ಮೇಲೆಲ್ಲ ಸವರಿಬಿಟ್ಟಿದ್ದ.

ದೊಡ್ಡತಾಯಮ್ಮ ಮೂಸಿದಳು. "ಆಹಾ, ಮದುವೆ ಮನೆಯ ಘಮ ಬಂದ ಹಾಗೆ ಬರುತ್ತೆ!" ಒಂದು ಹಿಡಿ ಎರಚಿಕೊಂಡಳು. "ನನಗೇನೂ ಆಗಲಿಲ್ಲ. ಮಣ್ಣು ಚೊಕ್ಕವಾಗಿದೆ."

"ಅಲ್ಲ ತಾಯಿ, ನಿಮ್ಮ ಮೈ ಎಲ್ಲಿ, ನನ್ನ ಪುಟ್ಟಿ ಮೈ ಎಲ್ಲಿ? ನೀವು ಬೆನ್ನಿಗೆ ಎರಚಿಕೊಂಡ್ರಿ, ಅದು ದಿನಾ ಹೊಟ್ಟೆಗೆ ತಿನ್ನುತ್ತೆ!"

"ನನ್ನ ಸೊಂಡಿಲಿಗಿಂತ ನಿನ್ನ ಕೊಕ್ಕು ದೊಡ್ಡದೇನೇ?" ಅಂತ ದೊಡ್ಡತಾಯಮ್ಮ ಸಿಡುಕಿದಳು. ನೋಡಲು ಸೇರಿದ್ದವರೆಲ್ಲ ನಕ್ಕರು. ಪುನುಗಪ್ಪ ಮೀಸೆಯಡಿಯಲ್ಲೇ ನಕ್ಕ.

ಕೆದಕವ್ವ ಬಿಡುವ ಪೈಕಿಯಲ್ಲ. ಅವನ ಮನೆ ಬಾಗಿಲಲ್ಲೇ ನಿಂತು ಮಾನ ಹರಾಜು ಹಾಕುತ್ತೇನೆ ಅಂತ ಸಂಜೆ ಹೊರಟಳು. ಅಷ್ಟರಲ್ಲಿ ಪೊಟರೆಯಿಂದ ಅವನ ಹೆಂಡತಿ ಗಂಧವ್ವನ ದನಿ ಕೇಳಿಸಿತು. ಅವಳು ತುಂಬಿದ ಬಸುರಿ. ಕೆದಕವ್ವ ಪೊದೆಯಲ್ಲಿ ಕುಕ್ಕರಿಸಿ ಕಿವಿಗೊಟ್ಟಳು.

"ರೀ, ನಿಲ್ಲಿ ಅಲ್ಲೇ! ಕಾಲು ತೊಳೆದ್ರಾ?"

"ತೊಳೆದೆ ಕಣೇ."

"ಇನ್ನೊಂದು ಸಲ ತೊಳೀರಿ. ಆ ಗಸಿ ಮೆತ್ತಿಕೊಂಡು ಒಳಗೆ ಬಂದರೆ ಹುಟ್ಟೋ ಮಕ್ಕಳ ಗತಿ ಏನು?"

"ಕಿರುಚಬೇಡ ಮಾರಾಯ್ತಿ, ಯಾರಾದ್ರೂ ಕೇಳಿಸಿಕೊಂಡಾರು!"

ಕೆದಕವ್ವನ ಬೈಗುಳ ಗಂಟಲಲ್ಲೇ ಉಳಿಯಿತು. ಬೈಯೋದಕ್ಕಿಂತ ರುಚಿಯಾದದ್ದು ಸಿಕ್ಕಿತ್ತಲ್ಲ!

ಮಾರನೇ ದಿನ ಎಲ್ಲರೂ ಸೇರಿದ್ದಾಗ ಬಂದು ಕತ್ತು ಬಾಗಿಸಿದಳು. "ಗೌಡ್ರೇ, ನಂದೇ ತಪ್ಪು. ಅಂಥಾ ಘಮಘಮ ಮಣ್ಣನ್ನ ಕೆಟ್ಟದ್ದು ಅಂದೆ, ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಪುನುಗಪ್ಪಣ್ಣನ ಮನೆಯವಳಿಗೆ ದಿನ ತುಂಬಿದೆ. ಆ ಜಾಗ ನಾನು ಬಿಟ್ಟುಕೊಡ್ತೀನಿ. ಅಲ್ಲೇ ಬಿಲ ತೋಡಿ, ಹೆರಿಗೆ ಬಾಣಂತನ ಎಲ್ಲಾ ಅಲ್ಲೇ ಆಗಲಿ."

"ನೋಡಿ, ಎಂಥಾ ದೊಡ್ಡ ಮನಸ್ಸು!" ಅಂತ ಗೌಡರು ತೊಡೆ ತಟ್ಟಿದರು. "ಇವತ್ತೇ ಮನೆ ಬದಲಾಯಿಸಿಬಿಡು ಪುನುಗಪ್ಪ."

ಪುನುಗಪ್ಪನ ಮುಖ ಹುಣಸೆ ತಿಂದ ಹಾಗಾಯಿತು. "ಬೇಡಿ ಗೌಡ್ರೇ... ಅಲ್ಲಿ ಗಾಳಿ ಜಾಸ್ತಿ..."

"ಗಾಳಿಯಂತೆ ಗಾಳಿ!" ಹಿಂದಿನಿಂದ ಹೊಟ್ಟೆ ಹಿಡಿದುಕೊಂಡು ಗಂಧವ್ವ ನುಗ್ಗಿ ಬಂದಳು. "ಎರೆಹುಳ ಸಾಯೋ ವಿಷದ ಮೇಲೆ ನಾನು ಮಕ್ಕಳನ್ನ ಹೆರಬೇಕಾ? ರೀ, ಬಾಯಿ ಬಿಡ್ತೀರೋ, ಪುನುಗು ಸವರಿ ಬಂದದ್ದನ್ನ ನಾನೇ ಹೇಳಲೋ?"

ಹೇಳುವುದಕ್ಕೆ ಇನ್ನೇನು ಉಳಿದಿತ್ತು? ದೊಡ್ಡತಾಯಮ್ಮ ಸೊಂಡಿಲು ಬಾಯಿಗೆ ತುರುಕಿಕೊಂಡು ಆಕಾಶ ನೋಡಿದಳು.

ಕೆದಕವ್ವ ಈಗ ಕತ್ತು ಎತ್ತಿ ಪುನುಗಪ್ಪನನ್ನು ಕೇಳಿದಳು. "ನಿನ್ನ ಮನೆ ಹೊಸ್ತಿಲಿಗೆ ಕಾಲು ತೊಳೆಯೋ ಕಟ್ಟುಪಾಡು ಇದೆ, ನನ್ನ ಮರಿಗಳ ಮಣ್ಣಿಗೆ ಇಲ್ಲ, ಅಲ್ವೇನೋ?"

ಅವತ್ತೇ ಸಭೆ ತೀರ್ಮಾನಿಸಿತು, ಗೌಡರೂ ಒಪ್ಪಲೇಬೇಕಾಯಿತು. ಕೆಟ್ಟ ಮಣ್ಣನ್ನೆಲ್ಲ ಪುನುಗಪ್ಪ ತಾನೇ ತೋಡಿ ಹೊತ್ತು, ನೀರು ಇಳಿಯದ ಬಂಡೆಗುಳಿಗೆ ತುಂಬಿ ಮುಚ್ಚಬೇಕು. ಅಂಗಡಿ ಬಂದ್. ಇನ್ನು ಮೇಲೆ ಮಣ್ಣು ಚೊಕ್ಕವೋ ಅಲ್ಲವೋ ಅಂತ ನೋಡುವಾಗ, ಅದನ್ನು ಕೆದಕಿ ತಿನ್ನುವ ಅತಿ ಚಿಕ್ಕ ಪ್ರಾಣಿಗೆ ಏನಾಗುತ್ತೆ ಅಂತ ಮೊದಲು ನೋಡಬೇಕು.

ಮಳೆಗಾಲ ಬಂತು. ಹುಬ್ಬು, ಮೂತಿ, ಮುಳ್ಳು ಎಲ್ಲದರ ಬಣ್ಣವೂ ಇಳಿಯಿತು. ಮುಳ್ಳುಹಂದಿಯ ಹೊಸ ಹೆಂಡತಿ ಗಂಡನನ್ನು ನೋಡಿ "ಮಾವನವರೇ" ಅಂದಳಂತೆ! ಬಿಳಿ ಮೂತಿಯ ಗೌಡರು ಗುಹೆ ಬಿಟ್ಟು ಹೊರಗೇ ಬರಲಿಲ್ಲ. ಆಚೆ ದಿಣ್ಣೆಯ ಒಳ್ಳೆ ಮಣ್ಣಿನಲ್ಲಿ ಪುಟ್ಟಿ ಮಾತ್ರ ಚೇತರಿಸಿಕೊಂಡು, ಕುಂಟುತ್ತಲೇ ಓಡಿ, ಅಣ್ಣಂದಿರ ಕೊಕ್ಕಿನಿಂದ ಹುಳ ಕಿತ್ತುಕೊಂಡು ತಿನ್ನುತ್ತಿತ್ತು.

ನೀತಿ: ನಮ್ಮ ಮಕ್ಕಳನ್ನು ಮಲಗಿಸಲು ನಾವೇ ಹೆದರುವ ಮಣ್ಣನ್ನು ಬೇರೆಯವರ ಮಕ್ಕಳಿಗೆ ಒಳ್ಳೆಯದು ಎನ್ನಬಾರದು; ಅಪಾಯವನ್ನು ಬಲಿಷ್ಠರ ಮೈಯಿಂದಲ್ಲ, ಎಲ್ಲರಿಗಿಂತ ಎಳೆಯ ಜೀವದಿಂದ ಅಳೆಯಬೇಕು.